ಮೂಲಂಗಿ ಕಾಯುವುದಿಲ್ಲ

'ತಾಳಿದವನು ಬಾಳಿಯಾನು' ಎಂಬ ಮಾತು ಕಿವಿಗೆ ಬೀಳದೆ ಬೆಳೆದ ಹೆಣ್ಣುಮಗಳು ನಮ್ಮಲ್ಲಿ ಇರಲಾರಳು. ಗಾದೆಯಲ್ಲಿರುವುದು 'ತಾಳಿದವನು', ಆದರೆ ಅದನ್ನು ಹೇಳಿಸಿಕೊಳ್ಳುವವಳು ಸಾಮಾನ್ಯವಾಗಿ ಅವಳೇ. ಗಂಡಸರ ಊಟ ಮುಗಿಯುವವರೆಗೆ ತಾಳು, ಮಕ್ಕಳು ದೊಡ್ಡವರಾಗುವವರೆಗೆ ತಾಳು, ಅತ್ತೆಯ ಕೋಪ ಇಳಿಯುವವರೆಗೆ ತಾಳು. ತಾಳ್ಮೆ ಒಳ್ಳೆಯ ಗುಣವೆಂದು ನಾನೂ ನಂಬಿದವಳು, ಈಗಲೂ ನಂಬುತ್ತೇನೆ. ಆದರೆ ಅದು ಬರೀ ಗುಣವೇ ಅಥವಾ ಒಂದು ಬಗೆಯ ಆಸ್ತಿಯೂ ಹೌದೇ ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ನನ್ನ ಜೊತೆಗೇ ಓಡಾಡುತ್ತಿದೆ. ಹೊಲವಿದ್ದವರು, ಸ್ವಂತ ಮನೆಯಿದ್ದವರು, ಬ್ಯಾಂಕಿನಲ್ಲಿ ನಾಲ್ಕು ಕಾಸು ಇಟ್ಟವರು ಕಾಯಬಲ್ಲರು. ಏನೂ ಇಲ್ಲದವರು ಎಷ್ಟು ಹೊತ್ತು ಕಾದಾರು? ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟದ್ದು ಯಾವ ಗ್ರಂಥವೂ ಅಲ್ಲ, ಯಾವ ಉಪನ್ಯಾಸವೂ ಅಲ್ಲ, ಮೂಲಂಗಿ.

ನಗಬೇಡಿ. ತರಕಾರಿಗಳಲ್ಲಿ ಕಾಯುವ ಜಾತಿ ಒಂದು, ಕಾಯದ ಜಾತಿ ಇನ್ನೊಂದು ಎನ್ನುವುದು ಅಡಿಗೆಮನೆ ನಡೆಸುವವರಿಗೆಲ್ಲ ಗೊತ್ತು. ಬೂದುಗುಂಬಳವನ್ನು ಅಟ್ಟದ ಮೇಲಿಟ್ಟರೆ ತಿಂಗಳುಗಟ್ಟಲೆ ತೆಪ್ಪಗೆ ಕೂತಿರುತ್ತದೆ. ಈರುಳ್ಳಿಗೆ ಗಾಳಿಯಾಡುವ ಮೂಲೆ ಸಿಕ್ಕರೆ ಸಾಕು. ಸುವರ್ಣಗೆಡ್ಡೆಯಂತೂ ಮಣ್ಣು ಮೆತ್ತಿಕೊಂಡು ಮರೆತುಹೋದ ನೆಂಟನ ಹಾಗೆ ಬಿದ್ದಿರುತ್ತದೆ. ಮೂಲಂಗಿ ಹೆಸರಿಗೆ ಗೆಡ್ಡೆಯ ಸಾಲಿನದು, ಸ್ವಭಾವದಲ್ಲಿ ಸೊಪ್ಪಿನ ಕಡೆಯದು. ಕಿತ್ತ ದಿನ ಬೆಳ್ಳಿ, ಮರುದಿನ ಬಾಡು, ಮೂರನೆಯ ದಿನ ಬೆರಳಿಗೆ ಸುತ್ತಬಹುದು. ಅದರ ತೂಕದ ನೂರರಲ್ಲಿ ಸುಮಾರು 95 ಪಾಲು ನೀರೇ. ತಲೆಯ ಮೇಲಿನ ಎಲೆಗಳು ಕಿತ್ತ ಮೇಲೂ ಆ ನೀರನ್ನು ಹೀರಿ ಗಾಳಿಗೆ ಬಿಡುತ್ತಲೇ ಇರುತ್ತವೆ. ಸೊಪ್ಪು ಕತ್ತರಿಸಿ ತಣ್ಣಗಿನ ತೇವದ ಜಾಗದಲ್ಲಿಟ್ಟರೆ ಇದೇ ಮೂಲಂಗಿ ವಾರಗಟ್ಟಲೆ ಗರಿಗರಿಯಾಗಿರುತ್ತದೆ. ಅಂದರೆ ನನ್ನ ಮನೆಯ ಫ್ರಿಜ್ಜಿನಲ್ಲಿ ಮೂಲಂಗಿಗೂ ತಾಳ್ಮೆ ಬರುತ್ತದೆ. ಮಾರುವವಳ ಬುಟ್ಟಿಯಲ್ಲಿ ಬರುವುದಿಲ್ಲ. ಗುಣ ಮೂಲಂಗಿಯದೋ, ಫ್ರಿಜ್ಜಿನದೋ?

ನಮ್ಮ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನಿಂದಾಚೆ, ಹತ್ತಡಿ ಉದ್ದದ ಒಂದು ಜಾಗವಿದೆ. ಅಲ್ಲಿ ವರ್ಷಕ್ಕೆ ಮೂರು ನಾಲ್ಕು ಸಲ ಮೂಲಂಗಿ ಹಾಕುತ್ತೇನೆ. ಅಷ್ಟು ಸುಲಭದ ಬೆಳೆ ಇನ್ನೊಂದಿಲ್ಲ, ಅಷ್ಟು ಹಟದ ಬೆಳೆಯೂ ಇನ್ನೊಂದಿಲ್ಲ. ಬೀಜವನ್ನು ಅರ್ಧ ಅಂಗುಲ ಆಳಕ್ಕೆ ಊರಿ ನೀರು ಚಿಮುಕಿಸಿದರೆ ನಾಲ್ಕೈದು ದಿನದಲ್ಲಿ ಹೃದಯದ ಆಕಾರದ ಜೋಡಿ ಎಲೆಗಳು ಮಣ್ಣು ಸರಿಸಿ ಏಳುತ್ತವೆ. ಬದನೆ, ಮೆಣಸಿನ ಸಸಿಯ ಹಾಗೆ ಒಂದು ಕಡೆ ಎಬ್ಬಿಸಿ ಇನ್ನೊಂದು ಕಡೆ ನೆಡುವ ಹಾಗಿಲ್ಲ. ಬೇರಿನ ತುದಿಗೆ ಪೆಟ್ಟಾದರೆ ಗೆಡ್ಡೆ ಎರಡು ಕಾಲು ಚಾಚಿಬಿಡುತ್ತದೆ. ಮಣ್ಣಿನಲ್ಲಿ ಕಲ್ಲಿದ್ದರೂ ಹಾಗೆ, ಗೊಬ್ಬರ ಹಸಿಯಾಗಿದ್ದರೂ ಹಾಗೆ. ಹತ್ತು ದಿನಕ್ಕೆ ಸಾಲು ತೆಳುವು ಮಾಡಬೇಕು. ಕಿತ್ತ ಎಳೆಯ ಸಸಿಗಳನ್ನು ಬಿಸಾಡಬೇಕಾಗಿಲ್ಲ, ಬೇಳೆಯ ಜೊತೆ ಬೇಯಿಸಿದರೆ ಬಸ್ಸಾರಿಗೆ ಅಂಥ ಸೊಪ್ಪು ಅಂಗಡಿಯಲ್ಲಿ ಸಿಗದು. ಆಮೇಲೆ ನೀರು ಒಂದೇ ಹದದಲ್ಲಿ ಬೀಳಬೇಕು. ನಾಲ್ಕು ದಿನ ಒಣಗಿಸಿ ಐದನೆಯ ದಿನ ಸುರಿದರೆ ಗೆಡ್ಡೆ ಸೀಳಿಕೊಳ್ಳುತ್ತದೆ.

ಕಾಲವನ್ನೂ ತಳಿಯನ್ನೂ ಜೊತೆಗೂಡಿಸುವುದು ಇನ್ನೊಂದು ವಿದ್ಯೆ. ಬೇಸಿಗೆಗೂ ಮಳೆಗಾಲದ ಮೊದಲ ಭಾಗಕ್ಕೂ ಪೂಸಾ ಚೇತಕಿ ಎಂಬ ತಳಿ ಒಗ್ಗುತ್ತದೆ. 40-45 ದಿನಕ್ಕೆ ಕೀಳಬಹುದು. ಪೂಸಾ ಹಿಮಾನಿ ಚಳಿಯದು. ಬೆಂಗಳೂರಿನ ಹತ್ತಿರ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕೊಟ್ಟ ಅರ್ಕಾ ನಿಶಾಂತ್ 50-55 ದಿನದ್ದು, ಉದ್ದಕ್ಕೆ ಅಮೃತಶಿಲೆಯ ಹಾಗೆ ಬೆಳ್ಳಗಿರುತ್ತದೆ, ಬೇಗ ಬೆಂಡಾಗುವುದಿಲ್ಲ. ಪೂಸಾ ಎನ್ನುವುದು ಬಿಹಾರದ ಒಂದು ಊರು. 1905ರಲ್ಲಿ ಅಲ್ಲಿ ಆರಂಭವಾದ ಕೃಷಿ ಸಂಶೋಧನಾ ಸಂಸ್ಥೆ 1934ರ ಭೂಕಂಪದ ನಂತರ ದೆಹಲಿಗೆ ಬಂತು. ಊರು ಬಿಟ್ಟರೂ ಹೆಸರು ಬಿಡಲಿಲ್ಲ, ಗಂಡನ ಮನೆಗೆ ಬಂದು ಐವತ್ತು ವರ್ಷವಾದರೂ ತವರೂರಿನ ಹೆಸರಿನಿಂದಲೇ ಕರೆಸಿಕೊಳ್ಳುವ ನಮ್ಮ ಅಜ್ಜಿಯರ ಹಾಗೆ.

ಕಾರ್ತಿಕದಿಂದ ಪುಷ್ಯದವರೆಗಿನ ಮೂಲಂಗಿಯೇ ಮೂಲಂಗಿ. ಇಬ್ಬನಿ ಕುಡಿದು ಬೆಳೆದದ್ದು. ಕಚ್ಚಿದರೆ ಮೊದಲು ಸಿಹಿ, ಆಮೇಲೆ ಮೂಗಿಗೆ ಒಂದಿಷ್ಟು ಖಾರ. ತುರಿದು ಮೊಸರು ಬೆರೆಸಿ ಸಾಸಿವೆ ಒಗ್ಗರಣೆ ಕೊಟ್ಟರೆ ಪಚಡಿ, ನೆನೆಸಿದ ಹೆಸರುಬೇಳೆಗೆ ಸೇರಿಸಿದರೆ ಕೋಸಂಬರಿ, ದಪ್ಪಕ್ಕೆ ಬಿಲ್ಲೆ ಕತ್ತರಿಸಿದರೆ ಹುಳಿ. ಚೈತ್ರ ವೈಶಾಖದ ಮೂಲಂಗಿಗೆ ಸಿಟ್ಟು ಜಾಸ್ತಿ. ಬಿಸಿಲಿಗೆ ಖಾರ ಏರುತ್ತದೆ, ಗೆಡ್ಡೆ ಸಣ್ಣದು, ಒಳಗೆ ನಾರು. ಆಷಾಢ ಶ್ರಾವಣದಲ್ಲಿ ಎಲೆ ತುಂಬ ತೂತು, ಮಣ್ಣು ಸಿಡಿದ ಗೆಡ್ಡೆ ಬೇಗ ಕೊಳೆಯುತ್ತದೆ. ಅದಕ್ಕೇ ಮಳೆಗಾಲದಲ್ಲಿ ಮೂರು ಒಳ್ಳೆಯ ಮೂಲಂಗಿ ಆರಿಸಲು ಮೂವತ್ತನ್ನು ಮುಟ್ಟಬೇಕು. ಕೊಳ್ಳುವವರ ಪರೀಕ್ಷೆಗಳು ನಿಮಗೂ ಗೊತ್ತಿವೆ: ಉಗುರು ಚುಚ್ಚಿದರೆ ರಸ ಬರಬೇಕು, ಬಾಲ ಬಗ್ಗಿಸಿದರೆ ಟಕ್ಕೆಂದು ಮುರಿಯಬೇಕು, ಬೆರಳಿನಿಂದ ಬಡಿದರೆ ಟೊಳ್ಳು ಸದ್ದು ಬರಬಾರದು.

ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗಾಗಿ. ಸಾಲಿನಲ್ಲಿ 60 ಬೀಜ ಊರಿದರೆ 60 ಮೂಲಂಗಿಯೂ ಒಂದೇ ವಾರದಲ್ಲಿ ತಯಾರಾಗಿ ನಿಲ್ಲುತ್ತವೆ. ಇಬ್ಬರೇ ಇರುವ ಮನೆ ನಮ್ಮದು. ಇನ್ನೊಂದು ವಾರ ಬಿಟ್ಟರೆ ಹೊರಗೆ ಮಿಂಚುತ್ತಲೇ ಇರುತ್ತದೆ, ಕತ್ತರಿಸಿದರೆ ಒಳಗೆ ಬೆಂಡು. ಹಾಗಾಗಿ ಆ ವಾರ ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಮೂಲಂಗಿ ಹುಳಿಯ ವಾಸನೆ. ಕೊಡಲು ಹೋದರೆ 'ಮೊನ್ನೆಯಷ್ಟೇ ಕೊಟ್ಟಿರಲ್ಲ' ಎಂದು ಜನ ಮುಖ ನೋಡುತ್ತಾರೆ. ಈಗ ಹದಿನೈದು ದಿನಕ್ಕೊಂದು ಸಾಲಿನಂತೆ ಹಾಕುತ್ತೇನೆ. ಹತ್ತಡಿ ಜಾಗದಲ್ಲಿ, ಮನೆಯ ನಲ್ಲಿಯ ನೀರಿನಲ್ಲಿ ಅದು ನಡೆಯುತ್ತದೆ. ಅರ್ಧ ಎಕರೆ ಗುತ್ತಿಗೆಗೆ ಹಿಡಿದು, ಕೊಳವೆಬಾವಿಯಲ್ಲಿ ನೀರಿದ್ದಾಗ ಬಿತ್ತಿ, ಕೂಲಿಯವರು ಸಿಕ್ಕ ದಿನ ಕೀಳುವವರಿಗೆ ನಡೆಯುವುದಿಲ್ಲ. ನನಗೆ ಬೀದಿಯವರ ಮುಖ ನೋಡುವ ಸಂಕೋಚ ಮಾತ್ರ; ಅವರಿಗೆ ಅದು ಬದುಕು. ಒಂದೇ ವಾರದಲ್ಲಿ ಎಲ್ಲವನ್ನೂ ಕಿತ್ತು, ತೊಳೆದು, ಕಟ್ಟು ಕಟ್ಟಿ, ಯಾರಾದರೂ ಕೊಳ್ಳುವಂತೆ ಮಾಡಬೇಕು.

ನಮ್ಮ ಮಾರುಕಟ್ಟೆಯಲ್ಲಿ ನಾನು ಮೂಲಂಗಿ ಕೊಳ್ಳುವ ಹೆಂಗಸು ಊರಿಂದ ಹತ್ತು ಮೈಲಿ ಆಚೆಯವಳು. ತನ್ನ ಹೊಲದ್ದಷ್ಟೇ ಅಲ್ಲ, ಪಕ್ಕದ ಇಬ್ಬರ ಹೊಲದ್ದನ್ನೂ ಕೊಂಡು ಮೊದಲ ಬಸ್ಸಿಗೆ ತರುತ್ತಾಳೆ. ಬೆಳಿಗ್ಗೆ ಕಟ್ಟಿಗೆ 20 ರೂಪಾಯಿ. ಬಿಸಿಲೇರಿದ ಮೇಲೆ 15. ದೀಪ ಹಚ್ಚುವ ಹೊತ್ತಿಗೆ 10. ಅವಳ ಊರಿನ ಕೊನೆಯ ಬಸ್ಸು ಹೊರಡುವುದು ಏಳೂಕಾಲಿಗೆ. ಆರೂಮುಕ್ಕಾಲಿಗೆ 'ಎರಡು ಕಟ್ಟು ಹದಿನೈದಕ್ಕೆ ತಗೊಂಬಿಡಿ ಅಮ್ಮಾ' ಎಂದು ತಾನೇ ಕೂಗುತ್ತಾಳೆ. 2023ರ ಜೂನ್‌ನಿಂದ ಕರ್ನಾಟಕದ ಸರ್ಕಾರಿ ಬಸ್ಸಿನಲ್ಲಿ ನಮ್ಮ ಹೆಂಗಸರು ದುಡ್ಡು ಕೊಡಬೇಕಾಗಿಲ್ಲ, ನಿಜ. ಆದರೆ ಕೊನೆಯ ಬಸ್ಸು ಕೊನೆಯ ಬಸ್ಸೇ.

ಆ ಹೊತ್ತಿಗೇ ಸರಿಯಾಗಿ ಚೀಲ ಹಿಡಿದು ಹೋಗುವವರು ಕೆಲವರಿದ್ದಾರೆ. ನಮ್ಮ ಎದುರು ಮನೆಯವರು ಅವರಲ್ಲಿ ಒಬ್ಬರು. ಅವರನ್ನು ಜಿಪುಣಿ ಎಂದು ಹಗುರವಾಗಿ ತಳ್ಳಿಹಾಕುವುದಕ್ಕೆ ನನ್ನಿಂದಾಗದು. ಒಬ್ಬರ ಸಂಬಳದಲ್ಲಿ ಮೂರು ಮಕ್ಕಳನ್ನು ಓದಿಸಿದ್ದು, ಮಗಳಿಗೆ ಓಲೆ ಮಾಡಿಸಿದ್ದು, ಎಲ್ಲ ಸಾಸಿವೆ ಡಬ್ಬಿಯಲ್ಲಿ ಬಿದ್ದ ಎರಡೆರಡು ರೂಪಾಯಿಯಿಂದ. ಅವರಿಗೆ ತಿಂಗಳ ಕೊನೆಗೆ ಯಾರೂ ಸಂಬಳ ಎಣಿಸಿ ಕೊಟ್ಟವರಲ್ಲ. ಉಳಿಸಿದ್ದೇ ಅವರ ಗಳಿಕೆ. 'ಏಳೂಕಾಲಿಗೆ ಅವಳು ಬಸ್ಸು ಹತ್ತಿದರೆ ಉಳಿದದ್ದು ದನದ ಪಾಲು. ನಾನು ಏಳು ಗಂಟೆಗೆ ಐದು ರೂಪಾಯಿ ಕೊಟ್ಟರೂ ಅವಳಿಗೆ ಐದು ರೂಪಾಯಿ ಲಾಭವೇ ಅಲ್ಲವಾ?' ಎನ್ನುತ್ತಾರೆ. ತರ್ಕ ಗಟ್ಟಿಯಾಗಿದೆ. ಸುಮ್ಮನೆ ತಲೆಯಾಡಿಸಿ ಬರುವಂತಿದೆ.

ಬೆಂಗಳೂರಿನಲ್ಲಿರುವ ನನ್ನ ಸೋದರತ್ತೆಯ ಮಗಳದು ಇನ್ನೊಂದು ವಾದ. ಬಡವರ ಹತ್ತಿರ ಚೌಕಾಶಿ ಮಾಡುವುದೇ ಪಾಪ, ಕೇಳಿದಷ್ಟು ಕೊಟ್ಟು ಬರಬೇಕು ಎನ್ನುತ್ತಾಳೆ. ಅವಳೀಗ ತರಕಾರಿಯನ್ನು ಫೋನಿನಲ್ಲೇ ತರಿಸುತ್ತಾಳೆ. ಅಲ್ಲಿ ಪಾಪಕ್ಕೂ ಪುಣ್ಯಕ್ಕೂ ಎಡೆಯಿಲ್ಲ, ಮೂಲಂಗಿ ಬೆಳೆದವಳಿಗೆ ಎಷ್ಟು ಸಿಕ್ಕಿತು ಎಂದು ಕೇಳಲು ಮುಖವೂ ಇಲ್ಲ. ಅವಳ ಮನಸ್ಸು ಒಳ್ಳೆಯದು, ಸಂದೇಹವಿಲ್ಲ. ಆದರೆ ಚೌಕಾಶಿಯನ್ನೆಲ್ಲ ಪಾಪದ ಬುಟ್ಟಿಗೆ ಹಾಕುವುದು ಮಾರುಕಟ್ಟೆಯನ್ನು ಕಾಣದವರ ಮಾತು. ಬೆಳಿಗ್ಗೆ ಒಂಬತ್ತು ಗಂಟೆಗೆ ಆ ಹೆಂಗಸಿನ ಮುಂದೆ ನಿಂತು ಹದಿನೆಂಟಕ್ಕೆ ಕೊಡು ಎಂದು ಕೇಳಿ ನೋಡಿ. 'ಬೋಣಿ ಹೊತ್ತು, ಇಪ್ಪತ್ತಕ್ಕೆ ಕಡಿಮೆ ಇಲ್ಲ, ಬೇಕಾದರೆ ತಗೊಳ್ಳಿ, ಇಲ್ಲದಿದ್ದರೆ ಮುಂದೆ ಹೋಗಿ' ಎಂದು ನೀರು ಚಿಮುಕಿಸುತ್ತಾ ಇರುತ್ತಾಳೆ. ನೀವು ಎರಡು ಹೆಜ್ಜೆ ಹೋಗುತ್ತೀರಿ, ಅವಳು ಕರೆಯುತ್ತಾಳೆ, ಅಥವಾ ಕರೆಯುವುದಿಲ್ಲ, ನೀವೇ ಹಿಂದಿರುಗುತ್ತೀರಿ. ಮಗಳ ಬಾಣಂತನ, ಮಳೆ, ಸೊಸೆ, ಎಲ್ಲ ಮಾತು ಅದರ ನಡುವೆ ಆಗುತ್ತದೆ. ಆಗ ಇಬ್ಬರಿಗೂ ದಾರಿಯಿದೆ. ನನಗೆ ಬೇರೆ ಬುಟ್ಟಿಯಿದೆ, ಅವಳಿಗೆ ಬೇರೆ ಗಿರಾಕಿಯಿದೆ. ಒಬ್ಬರು ಇನ್ನೊಬ್ಬರ ಕೈಯಲ್ಲಿಲ್ಲ. ಅದು ಇಬ್ಬರು ಸಮಾನರ ಮಾತುಕತೆ. ಅದರಲ್ಲಿ ಪಾಪವೇನೂ ನನಗೆ ಕಾಣುವುದಿಲ್ಲ.

ಸಂಜೆ ಆರೂಮುಕ್ಕಾಲಿಗೆ ಅದೇ ಮಾತು ಬೇರೆಯಾಗುತ್ತದೆ. ನಾನು ಕೊಳ್ಳದಿದ್ದರೆ ನಾಳೆ ಬೇರೆ ಪಲ್ಯ ಮಾಡುತ್ತೇನೆ. ಅವಳು ಮಾರದಿದ್ದರೆ? ಹೊಲದವರಿಗೆ ಕೊಡಬೇಕಾದದ್ದಿದೆ. ಬೆಳಿಗ್ಗೆ ತಂದ ಕೈಸಾಲವಿದ್ದರೆ ಅದೂ ಇದೆ. ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೊ 2011ರ ತಮ್ಮ ಪುಸ್ತಕದಲ್ಲಿ ಚೆನ್ನೈನ ಹಣ್ಣು ಮಾರುವವರ ಸಾಲದ ಲೆಕ್ಕ ಕೊಟ್ಟಿದ್ದಾರೆ. ಬೆಳಿಗ್ಗೆ ಪಡೆದು ರಾತ್ರಿ ತೀರಿಸುವ ಆ ಸಾಲಕ್ಕೆ ಸರಾಸರಿ ಬಡ್ಡಿ ದಿನಕ್ಕೆ ಶೇಕಡ 4.69. ವರ್ಷಕ್ಕಲ್ಲ, ದಿನಕ್ಕೆ. ಸಾವಿರ ರೂಪಾಯಿಗೆ ಸಂಜೆಯೊಳಗೆ ಹೆಚ್ಚುಕಡಿಮೆ 47 ರೂಪಾಯಿ. ನನ್ನ ಸಾವಿರ ರೂಪಾಯಿ ಬ್ಯಾಂಕಿನಲ್ಲಿ ಅಷ್ಟು ಬಡ್ಡಿ ತರಬೇಕಾದರೆ ತಿಂಗಳುಗಟ್ಟಲೆ ಇರಬೇಕು. ಹಣವೂ ಮೂಲಂಗಿಯ ಹಾಗೆಯೇ. ನನ್ನ ಮನೆಯಲ್ಲಿದ್ದರೆ ಕಾಯುತ್ತದೆ, ಅವಳ ಸೆರಗಿನ ಗಂಟಿನಲ್ಲಿದ್ದರೆ ಕರಗುತ್ತದೆ. ಹೀಗಿರುವಾಗ ಏಳು ಗಂಟೆಗೆ 'ಐದಕ್ಕೆ ಕೊಡ್ತೀಯಾ' ಎಂದು ಕೇಳುವವರು ಬೆಲೆ ಕಟ್ಟುತ್ತಿರುವುದು ಮೂಲಂಗಿಗಲ್ಲ, ಅವಳ ಅವಸರಕ್ಕೆ.

ಇಲ್ಲಿ ಒಂದು ಮಾತನ್ನು ಒಪ್ಪಲೇಬೇಕು. ಸಂಜೆಯ ಮೂಲಂಗಿ ಬೆಳಗಿನ ಮೂಲಂಗಿಯಲ್ಲ. ಸೊಪ್ಪು ಜೋತಿದೆ, ಗೆಡ್ಡೆ ಮೆತ್ತಗಾಗಿದೆ. ಪಚಡಿಗೆ ಬಾರದು, ಹುಳಿಗೆ ಬಂದೀತು. ಅದಕ್ಕೆ 20 ರೂಪಾಯಿ ಕೊಡಬೇಕೆಂದು ಯಾರೂ ಹೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಬಾಡಿದ್ದಕ್ಕೆ ಕಡಿಮೆ ಕೊಡುವುದು ನ್ಯಾಯ. ಆದರೆ ಬಾಡಿದ್ದಕ್ಕೆ ಇಳಿದ ಬೆಲೆ ಎಲ್ಲಿ ನಿಂತಿತು, ಬಸ್ಸಿಗೆ ಹೊತ್ತಾಯಿತೆಂದು ಇಳಿದ ಬೆಲೆ ಎಲ್ಲಿ ಶುರುವಾಯಿತು? ಆ ಗೆರೆ ಚೌಕಾಶಿ ಮಾಡುವವರ ಮನಸ್ಸಿಗೆ ಗೊತ್ತಾಗದೆ ಇರುವುದಿಲ್ಲ. ಅವಳು ಮೂಲಂಗಿ ನೋಡಿ 10 ಎನ್ನುತ್ತಾಳೆ. ನಾವು ಗಡಿಯಾರ ನೋಡಿ 5 ಎನ್ನುತ್ತೇವೆ.

ಎದುರು ಮನೆಯವರ ತರ್ಕದಲ್ಲಿ ಇನ್ನೂ ಒಂದು ಎಳೆ ಉಳಿದಿದೆ. ಅವಳ ಬಸ್ಸು ನಾವು ಬಿಡುವುದಲ್ಲ, ಅವಳ ಸಾಲ ನಾವು ಕೊಟ್ಟದ್ದಲ್ಲ. ಅವಳ ಕಷ್ಟಕ್ಕೆ ನಾವು ಹೇಗೆ ಹೊಣೆ? ಹೊಣೆಯಲ್ಲ, ನಿಜ. ಒಬ್ಬರ ಕಷ್ಟ ನಾವು ತಂದದ್ದಲ್ಲದಿರಬಹುದು. ಆ ಕಷ್ಟದಿಂದ ನಮಗೊಂದು ಲಾಭ ಹುಟ್ಟಿದಾಗ ಅದನ್ನು ಕೈಚಾಚಿ ತೆಗೆದುಕೊಳ್ಳಬೇಕೇ ಬೇಡವೇ ಎನ್ನುವುದು ಮಾತ್ರ ನಮ್ಮ ಕೈಯಲ್ಲಿರುವ ವಿಷಯ. 'ಏನೂ ಇಲ್ಲದ್ದಕ್ಕಿಂತ ಐದು ರೂಪಾಯಿ ಮೇಲಲ್ಲವೇ' ಎಂಬ ಮಾತು ಯಾವ ಅನ್ಯಾಯಕ್ಕೆ ಒಪ್ಪುವುದಿಲ್ಲ ಹೇಳಿ? ನೀರಿನಲ್ಲಿ ಮುಳುಗುವವನಿಗೆ ಹಗ್ಗ ಮಾರುವವನೂ ಅದನ್ನೇ ಹೇಳಿಯಾನು.

ಹೆಣ್ಣುಮಕ್ಕಳಾದ ನಮಗೆ ಈ ಸಂಜೆಯ ಬೆಲೆ ಹೊಸತಲ್ಲ. ನಾವು ಬುಟ್ಟಿಯ ಈಚೆಗೆ ನಿಂತು ಮಾತ್ರವಲ್ಲ, ಆಚೆಗೆ ಕೂತೂ ಅದನ್ನು ಕಂಡವರು. ನನ್ನ ಚಿಕ್ಕಮ್ಮನ ಮಗಳ ಮದುವೆ 1994ರಲ್ಲಿ. ವರದಕ್ಷಿಣೆ ನಿಷೇಧದ ಕಾಯಿದೆ ಬಂದು ಅಷ್ಟು ಹೊತ್ತಿಗೆ 33 ವರ್ಷವಾಗಿತ್ತು. ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಬಹಳ ದೊಡ್ಡ ಮಾತಾಡಿದರು. 'ನಮಗೇನೂ ಬೇಡ, ಹುಡುಗಿಯೊಬ್ಬಳನ್ನು ಕೊಡಿ' ಎಂದರು. ಲಗ್ನಪತ್ರಿಕೆ ಅಚ್ಚಾಗಿ ಹಂಚಿಯಾಯಿತು, ಛತ್ರಕ್ಕೆ ಮುಂಗಡ ಕೊಟ್ಟಾಯಿತು, ಹಂದರದ ಕಂಬ ನೆಡುವುದೊಂದು ಬಾಕಿ. ಮದುವೆಗೆ ಹನ್ನೆರಡು ದಿನವಿದೆ ಎನ್ನುವಾಗ ಹುಡುಗನಿಗೊಂದು ಸ್ಕೂಟರು ಬೇಕು ಎಂಬ ಮಾತು ಬಂತು. ಮೊದಲೇ ಕೇಳಿದ್ದರೆ ಚಿಕ್ಕಪ್ಪ ಎದ್ದು ಬರುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಅದಕ್ಕೇ ಅವರು ಕತ್ತಲಾಗುವವರೆಗೆ ಕಾದರು.

ಸ್ಕೂಟರಿಗಾಗಿ ಚಿಕ್ಕಪ್ಪ ಊರಂಚಿನ ಒಂದು ತುಂಡು ಜಮೀನು ಮಾರಲು ಹೊರಟರು. ಕೊಳ್ಳಲು ಬಂದವನಿಗೂ ಲಗ್ನಪತ್ರಿಕೆ ತಲುಪಿತ್ತು. ಮಣ್ಣನ್ನು ಅವನು ನೋಡಲೂ ಇಲ್ಲ, ಮದುವೆಯ ತಾರೀಕನ್ನು ನೋಡಿದ. ಮುಂದಿನ ವರ್ಷ ಎರಡು ಪಟ್ಟು ಬೆಲೆ ಬರಬಹುದಾದ ಜಮೀನು ಆ ವಾರ ಅವನು ಹೇಳಿದ ಬೆಲೆಗೆ ಹೋಯಿತು. ಅವನೂ ಹೇಳಿದ್ದು ಅದೇ ಮಾತು: 'ನಿಮ್ಮ ಕಷ್ಟಕ್ಕೆ ಆಗಲಿ ಅಂತ ತಗೊಳ್ತಾ ಇದ್ದೀನಿ.' ಒಂದೇ ವಾರದಲ್ಲಿ ಇಬ್ಬರು ಒಬ್ಬ ಮನುಷ್ಯನ ಅವಸರವನ್ನು ತೂಗಿ ಮಾರಿಕೊಂಡರು, ಇಬ್ಬರೂ ಕಾಯಬಲ್ಲವರು. ಚಿಕ್ಕಮ್ಮ ಆ ದಿನ ಅಡಿಗೆಮನೆಯಲ್ಲಿ ಕೂತು, 'ಹೆಣ್ಣು ಹೆತ್ತವರಿಗೆ ಕೊನೇ ಬಸ್ಸು ಯಾವಾಗಲೂ ಬೇಗ' ಎಂದದ್ದು ನನಗೆ ನೆನಪಿದೆ. ಮಾರುಕಟ್ಟೆಯ ಹೆಂಗಸು ಏಳು ಗಂಟೆಗೆ ಬಸ್‌ಸ್ಟ್ಯಾಂಡಿನ ಕಡೆ ಕತ್ತು ತಿರುಗಿಸಿ ನೋಡುವಾಗ ನನಗೆ ಚಿಕ್ಕಪ್ಪನ ಮುಖ ಕಾಣುತ್ತದೆ. ಮೂಲಂಗಿಗೂ ಮದುವೆಗೂ ಏನು ಹೋಲಿಕೆ ಎನ್ನಬಹುದು. ಮೊತ್ತ ಬೇರೆ, ಲೆಕ್ಕ ಒಂದೇ.

ಹಾಗಾದರೆ ಏನು ಮಾಡಬೇಕು? ದಾನ ಮಾಡಬೇಕೇ? ಅದಕ್ಕೂ ಉತ್ತರ ಆ ಹೆಂಗಸೇ ಕೊಟ್ಟಿದ್ದಾಳೆ. ಒಂದು ಸಂಜೆ ಅವಳು ಹೇಳಿದ 10 ರೂಪಾಯಿಗೆ ನಾನು 15 ಕೊಟ್ಟು ಚಿಲ್ಲರೆ ಬೇಡವೆಂದೆ. ಅವಳು ನನ್ನ ಮುಖ ನೋಡಿ ಇನ್ನೊಂದು ಅರ್ಧ ಕಟ್ಟು ತೆಗೆದು ಚೀಲಕ್ಕೆ ತುರುಕಿ, 'ಸುಮ್ಮನೆ ಯಾಕೆ ಕೊಡ್ತೀರಿ? ಬೆಳಿಗ್ಗೆ ಬಂದು ತಗೊಳ್ಳಿ, ಅದೇ ಆಯ್ತು' ಎಂದಳು. ಅವಳು ವ್ಯಾಪಾರಿ, ಭಿಕ್ಷುಕಿಯಲ್ಲ. ಅವಳಿಗೆ ಬೇಕಾದದ್ದು ಕರುಣೆಯಲ್ಲ, ಕತ್ತಲಾಗುವ ಮುಂಚೆ ಬರುವ ಗಿರಾಕಿ. ಆ ಮಾತಿನ ಮೇಲೆ ನನ್ನ ಪದ್ಧತಿ ಇದು: ಸಾಧ್ಯವಾದಷ್ಟು ಬೆಳಿಗ್ಗೆಯೇ ಹೋಗುವುದು, ಬೆಳಿಗ್ಗೆ ಮನಸಾರೆ ಚೌಕಾಶಿ ಮಾಡುವುದು. ಸಂಜೆ ಹೋಗಲೇಬೇಕಾಗಿ ಬಂದರೆ ಅವಳು ಹೇಳಿದ್ದೇ ಬೆಲೆ, ಅಲ್ಲಿಂದ ಕೆಳಗೆ ಇಲ್ಲ.

ಕೊಸರು ಕೇಳುತ್ತೇನೆ, ಅದನ್ನು ಬಿಟ್ಟಿಲ್ಲ. ಕೊಸರು ನಮ್ಮ ಸಂತೆಗಳ ಬಹು ಚೆಂದದ ಮಾತು. ಬೆಲೆ ಇಳಿಸು ಎನ್ನುವುದು ನಿನ್ನ ಪದಾರ್ಥ ಅಷ್ಟು ಬಾಳುವುದಿಲ್ಲ ಎಂದ ಹಾಗೆ. ಕೊಸರು ಹಾಕು ಎನ್ನುವುದು ಬೆಲೆಯನ್ನು ಒಪ್ಪಿದೆ, ಈಗ ನಿನ್ನ ಕೈಯಾರೆ ಏನಾದರೂ ಕೊಡು ಎಂದ ಹಾಗೆ. ಕೊಡುವವಳು ಅವಳು, ಎರಡು ಎಸಳು ಕೊತ್ತಂಬರಿ ಹಾಕುವಾಗ ಅವಳ ಕೈ ಮೇಲಿರುತ್ತದೆ. ಮತ್ತೆ, ತಂದದ್ದರಲ್ಲಿ ಸೊಪ್ಪನ್ನು ಬಿಸಾಡುವುದಿಲ್ಲ. ಸುಣ್ಣದ ಅಂಶವೂ ಸಿ ಜೀವಸತ್ವವೂ ಗೆಡ್ಡೆಗಿಂತ ಸೊಪ್ಪಿನಲ್ಲೇ ಹೆಚ್ಚು. ಐದು ರೂಪಾಯಿಗೆ ಹತ್ತು ನಿಮಿಷ ವಾದ ಮಾಡಿ, ಕಟ್ಟಿನ ಅರ್ಧವನ್ನು ಕಸದ ಬುಟ್ಟಿಗೆ ಹಾಕುವ ಮನೆಗಳನ್ನು ಕಂಡಿದ್ದೇನೆ. ಉಳಿತಾಯ ಮಾಡುವುದಾದರೆ ಅಲ್ಲಿ ಮಾಡಬಹುದು.

ನನ್ನೊಬ್ಬಳ ಪದ್ಧತಿಯಿಂದ ಲೋಕ ನೆಟ್ಟಗಾಗುತ್ತದೆಂಬ ಭ್ರಮೆ ನನಗಿಲ್ಲ. ಬೆಳೆದವರಿಗೆ ಕಾಯುವ ಶಕ್ತಿ ಬರಬೇಕಾದರೆ ಅದಕ್ಕೆ ವ್ಯವಸ್ಥೆ ಬೇಕು. 1959ರಲ್ಲಿ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. ಬೆಳೆದವರೇ ಸೇರಿ ಮಾರಿದರೆ ಬೆಲೆಯನ್ನು ಗಿರಾಕಿಯ ಗಡಿಯಾರಕ್ಕೆ ಬಿಟ್ಟುಕೊಡಬೇಕಾಗಿಲ್ಲ ಎಂಬ ವಿಚಾರ ಅದರ ಹಿಂದಿತ್ತು. 1999ರಲ್ಲಿ ಆಂಧ್ರದಲ್ಲಿ ರೈತು ಬಜಾರುಗಳು, ಅದೇ ವರ್ಷ ತಮಿಳುನಾಡಿನಲ್ಲಿ ಉಳವರ್ ಸಂದೈಗಳು ಆರಂಭವಾದವು. ಬೀದಿ ವ್ಯಾಪಾರಿಗಳ ಬದುಕಿನ ರಕ್ಷಣೆಗೆಂದು 2014ರಲ್ಲಿ ಕೇಂದ್ರದ ಕಾಯಿದೆಯೂ ಬಂತು. ಇವೆಲ್ಲ ಬೇಕು, ಇನ್ನೂ ಬೇಕು. ಮಾರುಕಟ್ಟೆಯ ಮೂಲೆಯಲ್ಲಿ ನೆರಳು, ನೀರು, ಒಂದು ರಾತ್ರಿ ಬುಟ್ಟಿ ಇಡಬಹುದಾದ ತಂಪು ಕೋಣೆ ಇದ್ದರೆ ಮೂಲಂಗಿಯ ಸಂಜೆ ಬೆಲೆ ಅರ್ಧಕ್ಕೆ ಇಳಿಯಬೇಕಾಗಿಲ್ಲ. ಆದರೆ ಅದು ಬರುವವರೆಗೆ ದಿನವೂ ಸಂಜೆ ಆಗುತ್ತಲೇ ಇರುತ್ತದೆ, ನಮ್ಮ ಕೈಯಲ್ಲಿ ಚೀಲ ಇದ್ದೇ ಇರುತ್ತದೆ.

ನನ್ನ ಹಿತ್ತಲಿನಲ್ಲಿ ಪ್ರತಿ ಚಳಿಗಾಲ ನಾಲ್ಕೈದು ಮೂಲಂಗಿಯನ್ನು ಕೀಳದೆ ಬಿಡುತ್ತೇನೆ. ಚೆನ್ನಾಗಿ ಬೆಳೆದವನ್ನೇ ಆರಿಸಿ ಬಿಡಬೇಕು. ವಾರ ಕಳೆದ ಹಾಗೆ ಗೆಡ್ಡೆ ಒಳಗೆ ಬೆಂಡಾಗುತ್ತದೆ. ಮಾರುಕಟ್ಟೆಯ ಲೆಕ್ಕದಲ್ಲಿ ಅದರ ಕಥೆ ಮುಗಿದ ಹಾಗೆ. ಮಾಘ ದಾಟಿ ಬಿಸಿಲು ಏರತೊಡಗಿದಾಗ ನಡುವಿನಿಂದ ಒಂದು ದಂಟು ಏಳುತ್ತದೆ, ಸೊಂಟದೆತ್ತರ ಬರುತ್ತದೆ, ತಿಳಿನೇರಳೆ ಬೆರೆತ ಬಿಳಿ ಹೂ ಬಿಡುತ್ತದೆ. ಬೆಳಿಗ್ಗೆ ಜೇನುಹುಳುಗಳ ಸದ್ದು ಬಟ್ಟೆ ಒಗೆಯುವ ಕಲ್ಲಿನವರೆಗೆ ಕೇಳುತ್ತದೆ. ಆಮೇಲೆ ಮೊನಚು ಕಾಯಿಗಳು. ಉತ್ತರದ ಕಡೆಯವರು ಎಳೆಯ ಕಾಯಿಯ ಪಲ್ಯ ಮಾಡುತ್ತಾರೆ. ನಾನೂ ಒಂದು ಹಿಡಿ ಕೊಯ್ಯುತ್ತೇನೆ, ತಿಂದರೆ ಮೂಲಂಗಿಯದೇ ಖಾರ. ಉಳಿದವು ಒಣಗಿದ ಮೇಲೆ ಬಡಿದು ಬೀಜ ತೆಗೆದು ಬಾಟಲಿಗೆ ತುಂಬುತ್ತೇನೆ. ಕಳೆದ ಸಲದ ಬೀಜದಲ್ಲಿ ಒಂದು ಪೊಟ್ಟಣ ಮಾರುಕಟ್ಟೆಯ ಹೆಂಗಸಿಗೆ ಕೊಟ್ಟೆ. ಅಂಗೈ ಮೇಲೆ ಹರಡಿ ನೋಡಿದಳು, ಜೊಳ್ಳನ್ನು ಊದಿದಳು, 'ಇದಕ್ಕೆಷ್ಟು?' ಎಂದು ಕೇಳಿದಳು. ಬೆಳಗಿನ ಹೊತ್ತು, ಇಬ್ಬರಿಗೂ ಅವಸರವಿರಲಿಲ್ಲ. ಎರಡು ಕಟ್ಟು ಮೂಲಂಗಿ ಎಂದೆ. ಒಂದು ಎಂದಳು. ಒಂದೂವರೆಗೆ ಮುಗಿಯಿತು.